ಶನಿವಾರದ ಡಿಸ್ಕು

ಕೊಡಗಿನ ಶನಿವಾರಸಂತೆಯಲ್ಲಿ ನನ್ನ ಅಂಗಡಿ ತುಂಬುವುದು ವಾರಕ್ಕೊಂದೇ ದಿನ. ಊರಿಗೆ ಹೆಸರು ಕೊಟ್ಟ ಸಂತೆಗೆಂದು ಕೊಡ್ಲಿಪೇಟೆ, ಆಲೂರು ಸಿದ್ದಾಪುರ, ಗುಡುಗಳಲೆ ಕಡೆಯಿಂದ ಬರುವವರು ಚೀಲದಲ್ಲಿ ಸುಟ್ಟ ಅಡಾಪ್ಟರ್, ಸತ್ತ ರೂಟರ್, ಕಟಕಟ ಸದ್ದು ಮಾಡುವ ಹಾರ್ಡ್ ಡಿಸ್ಕ್ ಹಾಕಿಕೊಂಡು ಬರುತ್ತಾರೆ. ಅದನ್ನು ನನ್ನ ಕೈಗಿಟ್ಟು, ಖಾಲಿಯಾದ ಚೀಲ ಹಿಡಿದು ತರಕಾರಿಗೆ ಹೋಗುತ್ತಾರೆ. ಇನ್ವರ್ಟರ್, ಸಿಸಿಟಿವಿ ಕೂರಿಸುವುದು ನನ್ನ ಮೂಲ ಕಸುಬು. ಮನೆಯ ಫೋಟೊ, ವಿಡಿಯೊ, ಕಾಗದಪತ್ರಗಳನ್ನು ಒಂದು ಕಂಪ್ಯೂಟರ್ ಪೆಟ್ಟಿಗೆಯಲ್ಲಿ ಕಾಪಾಡಿ, ಅದೇ ಪೆಟ್ಟಿಗೆಯಿಂದ ಟಿವಿಗೆ ಸಿನಿಮಾ ಹಾಯಿಸುವ ಕೆಲಸಕ್ಕೆ ಕೈಹಾಕಿದ್ದು ಒಬ್ಬ ಅಜ್ಜಿಯಿಂದಾಗಿ.

ಅವರು ತಂದದ್ದು ಮದುವೆಯೊಂದರ ವಿಎಚ್‌ಎಸ್ ಕ್ಯಾಸೆಟ್ಟು. "ಮಗಾ, ನಮ್ ಯಜಮಾನ್ರು ಮಾತಾಡಿರೋದು ಇದೊಂದ್ರಲ್ಲೇ ಕಣಪ್ಪ" ಎಂದರು. ಬಿಚ್ಚಿ ನೋಡಿದರೆ ಸುರುಳಿಯ ಅಂಚಿಗೆಲ್ಲ ಬಿಳಿ ಬೂಷ್ಟು. ನಾಲ್ಕು ದಿನ ಒರೆಸಿ, ಒಣಗಿಸಿ, ನಿಧಾನವಾಗಿ ಓಡಿಸಿದೆ. ಮೂರು ಗಂಟೆಯ ಟೇಪಿನಲ್ಲಿ ಹನ್ನೊಂದು ನಿಮಿಷ ಬಂತು. ಆ ಹನ್ನೊಂದು ನಿಮಿಷದಲ್ಲಿ ಯಜಮಾನರು ಒಂದೇ ಒಂದು ಮಾತಾಡುತ್ತಾರೆ: ಯಾರನ್ನೋ ಊಟಕ್ಕೆ ಏಳಿ ಎಂದು ಕರೆಯುತ್ತಾರೆ. ಆಮೇಲಿನ ವರ್ಷಗಳಲ್ಲಿ ಕಲಿತದ್ದನ್ನು ಕೆಳಗೆ ಬರೆದಿದ್ದೇನೆ.

1. ಯಾವುದು ಹೋದರೆ ಮತ್ತೆ ಸಿಗುವುದಿಲ್ಲ ಎಂದು ಮೊದಲು ಕೇಳಿ

ಹೆಚ್ಚಿನವರು ಬರುವುದು ಸಿನಿಮಾದ ಆಸೆಯಿಂದ. ಎಷ್ಟು ಟಿಬಿ ಹಾಕಿಸೋಣ ಎನ್ನುವುದೇ ಮೊದಲ ಪ್ರಶ್ನೆ. ನಾನು ಒಂದು ಹಾಳೆ ಕೊಟ್ಟು, ಮನೆಗೆ ಬೆಂಕಿ ಬಿದ್ದರೆ ಅಳುವಂಥದ್ದು ಏನೇನಿದೆ ಬರೆಯಿರಿ ಎನ್ನುತ್ತೇನೆ. ಆ ಪಟ್ಟಿಯಲ್ಲಿ ಸಿನಿಮಾ ಬರುವುದೇ ಇಲ್ಲ. ಮಕ್ಕಳ ಫೋಟೊ, ತೀರಿಹೋದವರ ದನಿ, ಕ್ರಯಪತ್ರ, ವಿಭಾಗಪತ್ರ, ತೋಟದ ಲೆಕ್ಕದ ಪುಸ್ತಕ ಬರುತ್ತವೆ. ನಾನು ಕೆಲಸ ಮಾಡಿದ ಮನೆಗಳಲ್ಲಿ ಹೆಚ್ಚಿನವಕ್ಕೆ ಇಷ್ಟನ್ನೂ ಇಡಲು 1 ಟಿಬಿ ಸಾಕಾಗಿದೆ. ಅಷ್ಟಕ್ಕೆ ಮೂರು ಪ್ರತಿ ಮಾಡುವುದು ಯಾರಿಗೂ ಭಾರವಲ್ಲ. ಸಿನಿಮಾಕ್ಕೆ ಒಂದೇ ಪ್ರತಿ ಇದ್ದರೂ ನಡೆಯುತ್ತದೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ಜನ ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟರು. ಜಿಲ್ಲೆಯ ಉತ್ತರದ ನಮ್ಮ ಹೋಬಳಿಗಳಿಗೆ ಆ ವರ್ಷ ಅಷ್ಟು ಪೆಟ್ಟು ಬೀಳಲಿಲ್ಲ. ಆದರೂ ಕಾಗದಪತ್ರ ಸ್ಕ್ಯಾನ್ ಮಾಡಿಸಲು ಜನ ಬರತೊಡಗಿದ್ದು ಆಮೇಲೆಯೇ. ಸ್ಕ್ಯಾನ್ ಪ್ರತಿ ಮೂಲಪತ್ರಕ್ಕೆ ಸಮನಲ್ಲ. ಆದರೆ ಅದರಲ್ಲಿ ನೋಂದಣಿ ಸಂಖ್ಯೆ, ತಾರೀಖು ಇರುತ್ತವೆ. ಅವೆರಡು ಕೈಯಲ್ಲಿದ್ದರೆ ಉಪನೋಂದಣಿ ಕಚೇರಿಯಲ್ಲಿ ದೃಢೀಕೃತ ನಕಲು ಕೇಳುವುದು ಬಹಳ ಸುಲಭ.

2. ಸಿನಿಮಾ ಮತ್ತು ಬ್ಯಾಕಪ್ ಒಂದೇ ಪೆಟ್ಟಿಗೆಯಲ್ಲಿರಲಿ

ಎರಡನ್ನೂ ಬೇರೆ ಬೇರೆ ಇಡಬೇಕೆಂದು ಹೇಳುವವರಿದ್ದಾರೆ. ನಾನೂ ಮೊದಲು ಹಾಗೇ ಮಾಡುತ್ತಿದ್ದೆ. ಬ್ಯಾಕಪ್ಪಿಗೆಂದೇ ಇಟ್ಟ ಪೆಟ್ಟಿಗೆಯನ್ನು ಬೀರುವಿನ ಹಿಂದೆ ಕೂರಿಸಿ ಬರುತ್ತಿದ್ದೆ. ವರ್ಷ ಬಿಟ್ಟು ಹೋದರೆ ಅದು ಎಂದೋ ಆರಿಹೋಗಿರುತ್ತಿತ್ತು. ಯಾವ ತಿಂಗಳಲ್ಲಿ ಆರಿತು ಎಂದು ಮನೆಯವರಿಗೆ ಗೊತ್ತೇ ಇರುತ್ತಿರಲಿಲ್ಲ. ಅಂಥ ಮೂರು ಮನೆ ನೋಡಿದ ಮೇಲೆ ರೀತಿ ಬದಲಿಸಿದೆ. ಸಂಜೆಯಾದರೆ ಮನೆಮಂದಿ ಸಿನಿಮಾ ನೋಡುವ ಪೆಟ್ಟಿಗೆಯಲ್ಲೇ ಬ್ಯಾಕಪ್ಪೂ ಇದ್ದರೆ, ಅದು ನಿಂತ ದಿನವೇ ನನಗೆ ಫೋನು ಬರುತ್ತದೆ. "ಅಣ್ಣಾ, ಟಿವೀಲಿ ಏನೂ ಬರ್ತಿಲ್ಲ" ಎಂದು ಒಂದು ಮಗು ಹೇಳಿದರೆ ಸಾಕು, ಆ ಮನೆಯ ನಲವತ್ತು ವರ್ಷದ ಫೋಟೊಗಳಿಗೆ ಕಾವಲು ಸಿಕ್ಕಂತೆ. ಟಿವಿಗೆ ಮತ್ತು ಮಕ್ಕಳ ಫೋನಿಗೆ ಓದುವ ಅನುಮತಿ ಮಾತ್ರ ಕೊಡಿ, ಬರೆಯುವ, ಅಳಿಸುವ ಅನುಮತಿ ಬೇಡ. ಇಷ್ಟು ಕಟ್ಟು ಇದ್ದರೆ ಒಂದೇ ಪೆಟ್ಟಿಗೆಯಿಂದ ತೊಂದರೆಯಿಲ್ಲ.

3. ಸಿಡಿಲು ಬರುವುದು ತಾಮ್ರದ ದಾರಿಯಲ್ಲಿ

ಕಾಫಿ ಹೂವಿನ ಮಳೆಯ ಜೊತೆಗೇ ಗುಡುಗು ಸಿಡಿಲು ಶುರುವಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನನ್ನ ಮೇಜಿನ ಮೇಲೆ ಬರುವ ಸತ್ತ ಯಂತ್ರಗಳಲ್ಲಿ ಹೆಚ್ಚಿನವು ಕರೆಂಟಿನ ತಂತಿಯಿಂದ ಸತ್ತವಲ್ಲ; ನೆಟ್‌ವರ್ಕ್ ತಂತಿಯಿಂದ ಅಥವಾ ಡಿಶ್ಶಿನ ಕೇಬಲ್ಲಿನಿಂದ ಸತ್ತವು.

ನನ್ನ ಮನೆಯಲ್ಲೇ ನಡೆದದ್ದು ಹೇಳುತ್ತೇನೆ. ಕಾಫಿ ಕಣದ ಪಕ್ಕದ ಗೋದಾಮಿಗೆ ಒಂದು ಕ್ಯಾಮೆರಾ ಬೇಕಿತ್ತು. ಮನೆಯಿಂದ ಅರುವತ್ತು ಮೀಟರ್ ದೂರ. ಈಥರ್ನೆಟ್ ಕೇಬಲ್ 100 ಮೀಟರಿನವರೆಗೆ ಕೆಲಸ ಮಾಡುತ್ತದೆ ಎಂಬ ಧೈರ್ಯದಲ್ಲಿ ಬೇಲಿಯುದ್ದಕ್ಕೂ ಎಳೆದೆ. ಮೇ ತಿಂಗಳ ಒಂದು ಸಂಜೆ ಹತ್ತಿರದ ಸಿಲ್ವರ್ ಓಕ್ ಮರಕ್ಕೆ ಸಿಡಿಲು ಹೊಡೆಯಿತು. ತಂತಿಗೆ ನೇರ ಬಡಿದಿರಲಿಲ್ಲ. ಆದರೆ ಸಿಡಿಲಿನ ಹೊತ್ತಿನಲ್ಲಿ ಮನೆಯ ಅಡಿಯ ನೆಲಕ್ಕೂ ಗೋದಾಮಿನ ಅಡಿಯ ನೆಲಕ್ಕೂ ಸಾವಿರಾರು ವೋಲ್ಟಿನ ಅಂತರ ಹುಟ್ಟುತ್ತದೆ, ನಡುವಿನ ತಾಮ್ರದ ತಂತಿ ಅದಕ್ಕೆ ದಾರಿಯಾಗುತ್ತದೆ. ಕ್ಯಾಮೆರಾ, ಸ್ವಿಚ್ಚು, ರೂಟರ್ ಸತ್ತವು. ಪೆಟ್ಟಿಗೆಯ ಮದರ್‌ಬೋರ್ಡ್ ಸುಟ್ಟಿತು. ಡಿಸ್ಕ್ ಉಳಿದದ್ದು ಅದೃಷ್ಟ.

ಅಂದಿನಿಂದ ಒಂದು ಕಟ್ಟಡದಿಂದ ಇನ್ನೊಂದಕ್ಕೆ ನಾನು ತಾಮ್ರ ಎಳೆದಿಲ್ಲ. ಫೈಬರ್ ಎಳೆದು, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ ಹಾಕುತ್ತೇನೆ. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ. ಒಂದು ಎಚ್ಚರಿಕೆ: ಫೈಬರ್ ಕೇಬಲ್ಲಿಗೆ ಬಲ ಕೊಡಲು ಪಕ್ಕದಲ್ಲೇ ಒಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಗೋಡೆಯ ಹೊರಗಿನ ಕೊಕ್ಕೆಯಲ್ಲೇ ನಿಲ್ಲಿಸಬೇಕು, ಒಳಗೆ ತರಬಾರದು. ಟಿವಿಗೆ ತಂತಿ ಎಳೆಯಿರಿ ಎಂದು ಎಲ್ಲ ಕಡೆ ಹೇಳುತ್ತಾರೆ. ಡಿಶ್ಶಿನ ಕೇಬಲ್ ಚುಚ್ಚಿದ ಟಿವಿಗೆ ಇಲ್ಲಿ ನಾನು ವೈಫೈಯನ್ನೇ ಕೊಡುತ್ತೇನೆ. ಡಿವಿಡಿಯ ಸಿನಿಮಾಕ್ಕೆ ಸೆಕೆಂಡಿಗೆ 10 ಮೆಗಾಬಿಟ್ ಕೂಡ ಬೇಡ. ಅಷ್ಟಕ್ಕಾಗಿ ಛಾವಣಿಯ ಮೇಲಿನ ಲೋಹದ ತಟ್ಟೆಯಿಂದ ಫೋಟೊಗಳ ಪೆಟ್ಟಿಗೆಯವರೆಗೆ ತಾಮ್ರದ ಸೇತುವೆ ಕಟ್ಟಿಕೊಡುವುದು ನನಗೆ ಒಪ್ಪಿಗೆಯಿಲ್ಲ.

ಸರ್ಜ್ ಪ್ರೊಟೆಕ್ಟರ್ ಹಾಕಿಸಿದ್ದೇವಲ್ಲ ಎನ್ನುತ್ತಾರೆ. ಮನೆಗೆ ಅರ್ಥಿಂಗ್ ಸರಿಯಿಲ್ಲದಿದ್ದರೆ ಅದು ಬರೀ ಪ್ಲಗ್ ಪಟ್ಟಿ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ವಾರಕ್ಕೆರಡು ಕೊಡ ನೀರು ಹಾಕಿ.

4. ಕರೆಂಟು ಹೋಗುವುದಕ್ಕಿಂತ ಹೇಳದೆ ಹೋಗುವುದು ಕೆಟ್ಟದ್ದು

ಆಷಾಢದ ಗಾಳಿಗೆ ಕೊಂಬೆ ಲೈನಿನ ಮೇಲೆ ಬಿದ್ದರೆ ತೋಟದ ಮನೆಗಳಲ್ಲಿ ಎರಡು ಮೂರು ದಿನ ಕತ್ತಲು. ಇನ್ವರ್ಟರ್ ಇದ್ದವರು ನಿಶ್ಚಿಂತೆಯಿಂದಿರುತ್ತಾರೆ. ಪೆಟ್ಟಿಗೆ, ರೂಟರ್ ಎರಡೂ ಸೇರಿ 30 ವ್ಯಾಟ್ ಎಳೆದರೆ 150 ಎಎಚ್ ಬ್ಯಾಟರಿ ಲೆಕ್ಕದಲ್ಲಿ ಒಂದು ದಿನ ಬರಬಹುದು. ಆದರೆ ಅದೇ ಬ್ಯಾಟರಿಯಿಂದ ದೀಪ, ಫ್ಯಾನು ಕೂಡ ಓಡಬೇಕು. ಬ್ಯಾಟರಿ ಬರಿದಾದಾಗ ಇನ್ವರ್ಟರ್ ಯಾರಿಗೂ ಹೇಳದೆ ನಿಲ್ಲುತ್ತದೆ, ಆಗ ಡಿಸ್ಕ್ ಬರೆಯುತ್ತಿದ್ದರೆ ಫೈಲುಗಳು ಮುರಿಯುತ್ತವೆ.

ನಾನು ಮಾಡುವ ಜೋಡಣೆ ಹೀಗೆ: ಇನ್ವರ್ಟರಿನ ಸಾಲಿನಲ್ಲಿ ಒಂದು ಸಣ್ಣ ಯುಪಿಎಸ್, ಅದರ ಹಿಂದೆ ಪೆಟ್ಟಿಗೆ, ಎರಡರ ನಡುವೆ ಯುಎಸ್‌ಬಿ ತಂತಿ. ಇನ್ವರ್ಟರ್ ಸತ್ತಾಗ ಯುಪಿಎಸ್ ಕೆಲವು ನಿಮಿಷ ಹಿಡಿದಿಡುತ್ತದೆ. ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಎಂಬ ಉಚಿತ ತಂತ್ರಾಂಶ ಆ ಸುದ್ದಿ ಓದಿ ಪೆಟ್ಟಿಗೆಯನ್ನು ಕ್ರಮವಾಗಿ ಆರಿಸುತ್ತದೆ. ಇನ್ವರ್ಟರ್ ಸೈನ್ ವೇವಿನದೇ ಆಗಿರಬೇಕು. ಹಳೆಯ ಸ್ಕ್ವೇರ್ ವೇವಿನದಾದರೆ ಹಲವು ಯುಪಿಎಸ್‌ಗಳು ಅದನ್ನು ಕರೆಂಟೆಂದು ಒಪ್ಪದೆ ತಮ್ಮ ಬ್ಯಾಟರಿಯನ್ನೇ ತಿಂದು ಮುಗಿಸುತ್ತವೆ. ಕರೆಂಟು ಮರಳಿದಾಗ ತಾನೇ ಏಳುವಂತೆ ಬಯಾಸ್‌ನಲ್ಲಿ ಒಂದು ಸೆಟ್ಟಿಂಗ್ ಇದೆ, ಅದನ್ನು ಮರೆಯಬೇಡಿ. ಮರೆತರೆ ಮನೆಯ ಅಜ್ಜ ಟಾರ್ಚು ಹಿಡಿದು ಪೆಟ್ಟಿಗೆಯ ಗುಂಡಿ ಹುಡುಕಬೇಕಾಗುತ್ತದೆ.

5. ತೇವ ನಿಧಾನ, ಆದರೆ ಬಿಡುವುದಿಲ್ಲ

ನಮ್ಮ ಮಳೆಗಾಲದಲ್ಲಿ ಚರ್ಮದ ಚಪ್ಪಲಿಗೆ, ಕ್ಯಾಮೆರಾದ ಗಾಜಿಗೆ, ಆಲ್ಬಮ್ಮಿನ ಹಾಳೆಗೆ ಬೂಷ್ಟು ಬರುತ್ತದೆ. ಡಿಸ್ಕು ಬೇರೆಯಲ್ಲ. ಜೂನ್‌ನಲ್ಲಿ ಆರಿಸಿ ಬೀರುವಿನಲ್ಲಿಟ್ಟದ್ದನ್ನು ಅಕ್ಟೋಬರ್‌ನಲ್ಲಿ ತೆಗೆದರೆ ಕನೆಕ್ಟರಿನ ಪಿನ್ನುಗಳ ಮೇಲೆ ಹಸಿರು ಕಿಲುಬು ಕಾಣುತ್ತದೆ. ನನ್ನ ಅಜ್ಜಿ ಬಿತ್ತನೆ ಬೀಜವನ್ನು ಒಲೆಯ ಮೇಲಿನ ಅಟ್ಟದಲ್ಲಿಡುತ್ತಿದ್ದರು. ಕೆಳಗಿನ ಬಿಸಿಗೆ ತೇವ ನಿಲ್ಲುತ್ತಿರಲಿಲ್ಲ. ಓಡುತ್ತಿರುವ ಪೆಟ್ಟಿಗೆಗೆ ಅದರದೇ ಬಿಸಿ ಆ ಅಟ್ಟದ ಕೆಲಸ ಮಾಡುತ್ತದೆ. ಹಾಗಾಗಿ ಮಳೆಗಾಲದಲ್ಲಿ ಪೆಟ್ಟಿಗೆಯನ್ನು ಆರಿಸಿ ಇಡಬೇಡಿ, ಓಡಲು ಬಿಡಿ. ಮಳೆ ಬಡಿಯುವ ಹೊರಗೋಡೆಗೆ ತಾಗಿಸದೆ, ನೆಲದಿಂದ ಸೊಂಟದೆತ್ತರದಲ್ಲಿ, ಒಳಗೋಡೆಯ ಪಕ್ಕ ಇಡಿ. ಗಾಳಿಕಿಂಡಿಗೆ ಸಣ್ಣ ಕಣ್ಣಿನ ಜಾಲರಿ ಬೇಕು. ಬೋರ್ಡಿನ ಮೇಲೆ ಹಲ್ಲಿ ಸತ್ತು ಶಾರ್ಟ್ ಆದ ಪೆಟ್ಟಿಗೆಗಳನ್ನು ನಾನೇ ಬಿಚ್ಚಿದ್ದೇನೆ.

ಆರಿಸಿ ಇಡಲೇಬೇಕಾದ ಬ್ಯಾಕಪ್ ಡಿಸ್ಕಿಗೆ ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್. ನೀಲಿ ಹರಳು ತೇವ ಕುಡಿದು ಗುಲಾಬಿಯಾದರೆ ಬಿಸಿಮಾಡಿ ಮತ್ತೆ ನೀಲಿ ಮಾಡಬಹುದು. ಆದರೆ ಆ ನೀಲಿ ಕೋಬಾಲ್ಟ್ ಕ್ಲೋರೈಡಿನದು, ವಿಷ. ಅಡುಗೆಯ ಬಾಣಲೆ ಮುಟ್ಟಿಸಬೇಡಿ. ಸಿಕ್ಕಿದರೆ ಕಿತ್ತಳೆ ಬಣ್ಣದ್ದನ್ನೇ ಕೊಳ್ಳಿ. ತಣ್ಣಗಿನ ಬಸ್ಸಿನಲ್ಲಿ ಬಂದ ಡಿಸ್ಕನ್ನು ಬೆಚ್ಚಗಿನ ಮನೆಯಲ್ಲಿ ಕೂಡಲೇ ಚುಚ್ಚಬಾರದು. ಲೋಹದ ಮೇಲೆ ಹನಿ ಕಟ್ಟಿರುತ್ತದೆ. ಡಬ್ಬಿ ತೆರೆಯದೆ ಒಂದು ಗಂಟೆ ಬಿಡಿ.

6. ಯಂತ್ರದ ಬಗ್ಗೆ ಸಂಕ್ಷಿಪ್ತವಾಗಿ

ದುಡ್ಡಿದ್ದವರು ಸಿನಾಲಜಿ ಥರದ ಎರಡು ಡಿಸ್ಕಿನ ಸಿದ್ಧ ಪೆಟ್ಟಿಗೆ ಕೊಳ್ಳಲಿ. ಉಳಿದವರಿಗೆ ಕಚೇರಿಗಳಿಂದ ಹೊರಬಂದ ಸಣ್ಣ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಧಾರಾಳವಾಗಿ ಸಾಕು. ಇಂಟೆಲ್ 7ನೇ ತಲೆಮಾರಿನ ನಂತರದ್ದಾದರೆ 10 ಬಿಟ್ಟಿನ ಎಚ್‌ಇವಿಸಿ ವಿಡಿಯೊವನ್ನೂ ಬೆವರದೆ ಬಿಡಿಸುತ್ತದೆ. 15 ವ್ಯಾಟಿನ ಯಂತ್ರ ತಿಂಗಳಿಡೀ ಓಡಿದರೆ ಸುಮಾರು 11 ಯೂನಿಟ್. ಸಂಗ್ರಹಕ್ಕೆ ಓಪನ್‌ಮೀಡಿಯಾವಾಲ್ಟ್, ಟಿವಿಗೆ ಹಾಯಿಸಲು ಜೆಲ್ಲಿಫಿನ್, ಎರಡೂ ಉಚಿತ. ಎಂಬಿ ಎಂಬ ತಂತ್ರಾಂಶ ತನ್ನ ಮೂಲಸಂಕೇತ ಮುಚ್ಚಿದಾಗ 2018ರ ಡಿಸೆಂಬರ್‌ನಲ್ಲಿ ಅದರಿಂದ ಕವಲೊಡೆದದ್ದು ಜೆಲ್ಲಿಫಿನ್. ನಾನು ಅದನ್ನು ಆರಿಸಿದ್ದಕ್ಕೆ ಕಾರಣ ಒಂದೇ. ಅದಕ್ಕೆ ಹೊರಗಿನ ಯಾವ ಖಾತೆಯೂ ಬೇಡ. ಮಳೆಗೆ ಇಂಟರ್ನೆಟ್ ಕಡಿದುಹೋದ ರಾತ್ರಿಯೇ ಮನೆಯವರಿಗೆ ಸಿನಿಮಾ ಬೇಕಾಗಿರುತ್ತದೆ. ಆ ರಾತ್ರಿ ಲಾಗಿನ್ ಕೇಳುವ ತಂತ್ರಾಂಶ ನಮ್ಮ ಊರಿಗೆ ಸಲ್ಲದು.

7. ಮಣ್ಣಿನ ಗೋಡೆ ಮತ್ತು ಎಂಟು ತಂತಿ

ಫೈಬರ್ ಜಗಲಿಗೆ ಬಂದಿತೆಂದು ರೂಟರನ್ನೂ ಜಗಲಿಯಲ್ಲೇ ನೇತುಹಾಕುತ್ತಾರೆ. ಹಳೆಯ ಮನೆಗಳ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಯನ್ನು 5 ಗಿಗಾಹರ್ಟ್ಸ್ ವೈಫೈ ಸರಿಯಾಗಿ ದಾಟುವುದಿಲ್ಲ. ರೂಟರ್ ನಡುಮನೆಗೆ ಬರಲಿ, ಪೆಟ್ಟಿಗೆ ಅದರ ಪಕ್ಕದಲ್ಲೇ ಇರಲಿ. ಎರಡರ ನಡುವಿನ ಗೇಣುದ್ದದ ತಂತಿ ಅಪ್ಪಟ ತಾಮ್ರದ್ದಿರಲಿ, ತಾಮ್ರ ಸವರಿದ ಅಲ್ಯುಮಿನಿಯಂ ಬೇಡ. ಗಿಗಾಬಿಟ್ ವೇಗಕ್ಕೆ ಎಂಟೂ ಎಳೆ ಬೇಕು. ಒಂದು ಮುರಿದರೂ ಕೊಂಡಿ ಸದ್ದಿಲ್ಲದೆ 100 ಮೆಗಾಬಿಟ್ಟಿಗೆ ಇಳಿಯಬಹುದು. ಆಗ ಎರಡೂವರೆ ಗಂಟೆಯಲ್ಲಿ ಮುಗಿಯಬೇಕಾದ 1 ಟಿಬಿ ನಕಲು ಒಂದು ಹಗಲು ಒಂದು ರಾತ್ರಿ ಹಿಡಿಯುತ್ತದೆ.

8. ಕನ್ನಡಕ್ಕೆ ಕೈಯಾರೆ ಮಾಡಬೇಕಾದ ಕೆಲಸವಿದೆ

ಈ ತಂತ್ರಾಂಶಗಳು ಫೋಲ್ಡರಿನ ಹೆಸರು ನೋಡಿ ಸಿನಿಮಾ ಗುರುತಿಸುತ್ತವೆ, ಪೋಸ್ಟರು ತರುತ್ತವೆ. ಒಂದು ಮನೆಯಲ್ಲಿ 1973ರ ‘ಗಂಧದ ಗುಡಿ’ಯ ಮೇಲೆ 2022ರ ಪುನೀತ್ ಅವರ ಸಾಕ್ಷ್ಯಚಿತ್ರದ ಪೋಸ್ಟರ್ ಕೂತಿತ್ತು. ‘ನಾಗರಹಾವು’ ಮೂರಿವೆ, ಪುಟ್ಟಣ್ಣ ಕಣಗಾಲರ 1972ರದ್ದು, 2002ರದ್ದು ಮತ್ತು 2016ರದ್ದು. ಹೆಸರಿನ ಮುಂದೆ ಬ್ರಾಕೆಟ್ಟಿನಲ್ಲಿ ವರ್ಷ ಬರೆಯುವುದನ್ನು ರೂಢಿ ಮಾಡಿಕೊಳ್ಳಿ. ನೀವು ದುಡ್ಡು ಕೊಟ್ಟು ಕೊಂಡ ಹಳೆಯ ವಿಸಿಡಿಗಳಲ್ಲಿ ಡ್ಯಾಟ್ ಬಾಲದ ಫೈಲುಗಳಿರುತ್ತವೆ. ಒಳಗಿರುವುದು ಎಂಪೆಗ್-1 ವಿಡಿಯೊ. ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶದಿಂದ ಹೊದಿಕೆ ಬದಲಿಸಿದರೆ ಸಾಕು, ಚಿತ್ರದ ಗುಣ ಕೆಡುವುದಿಲ್ಲ. ಆ ಬಿಲ್ಲೆಗಳ ಮೇಲೂ ಬೂಷ್ಟು ಹರಡುತ್ತಿದೆ, ಈ ಕೆಲಸ ಮುಂದೂಡಬೇಡಿ. ಕನ್ನಡದ ಸಬ್‌ಟೈಟಲ್ ಚೌಕ ಚೌಕವಾಗಿ ಕಂಡರೆ ನೋಟೊ ಸ್ಯಾನ್ಸ್ ಕನ್ನಡ ಫಾಂಟನ್ನು ಜೆಲ್ಲಿಫಿನ್ನಿನ ಬದಲಿ ಫಾಂಟಿನ ಫೋಲ್ಡರಿನಲ್ಲಿಡಿ.

ಮನೆಯ ವಿಡಿಯೊಗಳನ್ನು ಸಿನಿಮಾ ವಿಭಾಗಕ್ಕೆ ಸೇರಿಸಬೇಡಿ. ‘ಅಪ್ಪನ ಮದುವೆ’ ಎಂದು ಹೆಸರಿಟ್ಟರೆ ತಂತ್ರಾಂಶ ಯಾವುದೋ ದೇಶದ ಸಿನಿಮಾದ ಪೋಸ್ಟರ್ ಹುಡುಕಿ ಅಂಟಿಸುತ್ತದೆ. ಹೋಮ್ ವಿಡಿಯೊ ಎಂಬ ಬೇರೆ ವಿಭಾಗ ಇದೆ. ಹೆಸರು ತಾರೀಖಿನಿಂದ ಶುರುವಾಗಲಿ: 1994-05-12, ಆಮೇಲೆ ಊರು, ಆಮೇಲೆ ಸಂದರ್ಭ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಎಷ್ಟೋ ಮನೆಗಳ ವಂಶಾವಳಿ, ದೇವಸ್ಥಾನದ ಲೆಕ್ಕ, ಅಜ್ಜಿಯಿಂದ ಕೇಳಿ ಬರೆದುಕೊಂಡ ಸೋಬಾನೆ ಪದಗಳು ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಕೂತಿವೆ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಫೈಲು ಸುರಕ್ಷಿತ, ಓದು ಮಾತ್ರ ಹೋಗಿದೆ. ಯುನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಕಣ್ಣಾರೆ ತಿದ್ದಿ, ಜೊತೆಗೆ ಫಾಂಟು ಒಳಗೊಂಡ ಪಿಡಿಎಫ್ ಪ್ರತಿಯನ್ನೂ ಇಡಿ. ಬರೆದವರು ಬದುಕಿರುವಾಗಲೇ ಈ ತಿದ್ದುಪಡಿ ಆಗಬೇಕು. ಊರಿನ, ಮನೆತನದ ಹೆಸರುಗಳನ್ನು ಬೇರೆಯವರು ತಿದ್ದಲಾರರು.

9. ಜೋಡಿ ಡಿಸ್ಕು ಬ್ಯಾಕಪ್ ಅಲ್ಲ

ಎರಡು ಡಿಸ್ಕಿನಲ್ಲಿ ಒಂದೇ ಮಾಹಿತಿಯನ್ನು ಏಕಕಾಲಕ್ಕೆ ಬರೆಯುವ ರೇಡ್ ಪದ್ಧತಿಗೆ ಹೆಸರು ಬಂದದ್ದು ಬರ್ಕ್‌ಲಿಯ ವಿಜ್ಞಾನಿಗಳ 1988ರ ಪ್ರಬಂಧದಿಂದ. ಒಂದು ಡಿಸ್ಕ್ ಸತ್ತರೂ ಕೆಲಸ ನಿಲ್ಲಬಾರದು ಎಂಬುದು ಅದರ ಉದ್ದೇಶ. ಯಾರಾದರೂ ಫೋಲ್ಡರ್ ಅಳಿಸಿದರೆ ಎರಡೂ ಕಡೆ ಅಳಿಯುತ್ತದೆ, ಸಿಡಿಲಿಗೆ ಎರಡೂ ಸುಡುತ್ತವೆ. ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ಕುತಂತ್ರಾಂಶ ಹೊಕ್ಕರೂ ಎರಡೂ ಹಾಳಾಗುತ್ತವೆ. ಅಂಥ ವನ್ನಾಕ್ರೈ 2017ರ ಮೇ ತಿಂಗಳಲ್ಲಿ ಹರಡಿದ್ದು ಕಡತ ಹಂಚಿಕೆಯ ಹಳೆಯ ಎಸ್‌ಎಂಬಿ 1ರ ದೋಷದ ಮೂಲಕ, ಆ ಹಳೆಯ ವಿಧಾನ ಪೆಟ್ಟಿಗೆಯಲ್ಲಿದ್ದರೆ ನಿಲ್ಲಿಸಿಬಿಡಿ. ದೂರದಿಂದ ಪೆಟ್ಟಿಗೆ ನೋಡಲು ರೂಟರಿನಲ್ಲಿ ಬಾಗಿಲು ತೆರೆಯಬೇಡಿ. ಟೇಲ್‌ಸ್ಕೇಲ್ ಥರದ ಖಾಸಗಿ ಸುರಂಗ ಸಾಕು.

10. ಒಂದು ಪ್ರತಿ ಸಂತೆಗೆ ಬರಲಿ

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಮನೆಯಿಂದಾಚೆ. ಈ ಸೂತ್ರವನ್ನು ಛಾಯಾಗ್ರಾಹಕ ಪೀಟರ್ ಕ್ರೋ ತಮ್ಮ ಪುಸ್ತಕದಲ್ಲಿ ಬರೆದರು. ನಮ್ಮಲ್ಲಿ ಜನ ತಪ್ಪುವುದು ಮೂರನೆಯದರಲ್ಲಿ. ತಿಂಗಳಿಗೊಮ್ಮೆ ಡಿಸ್ಕ್ ಬದಲಿಸಿ ಎಂದರೆ ಯಾರೂ ಬದಲಿಸುವುದಿಲ್ಲ. ಶನಿವಾರ ಮಾತ್ರ ಈ ಸೀಮೆಯಲ್ಲಿ ಯಾರಿಗೂ ಮರೆಯುವುದಿಲ್ಲ. ಹಾಗಾಗಿ ಪ್ರತಿ ಮನೆಗೂ ಎರಡು ಸಣ್ಣ ಡಿಸ್ಕು. ಶುಕ್ರವಾರ ರಾತ್ರಿ ಪೆಟ್ಟಿಗೆ ಒಂದಕ್ಕೆ ನಕಲು ಮಾಡುತ್ತದೆ, ಶನಿವಾರ ಅದು ಡಬ್ಬಿಯೊಳಗೆ ಸಂತೆಗೆ ಬಂದು ಊರಿನ ನೆಂಟರ ಮನೆಯಲ್ಲಿ ಉಳಿಯುತ್ತದೆ, ಅಲ್ಲಿದ್ದದ್ದು ವಾಪಸು ಹೋಗುತ್ತದೆ. ನೆಂಟರಿಲ್ಲದ ಕೆಲವರದ್ದು ನನ್ನ ಅಂಗಡಿಯ ಕಬ್ಬಿಣದ ಬೀರುವಿನಲ್ಲಿದೆ. ಬಸ್ಸಿನಲ್ಲಿ ಓಡಾಡುವ ಡಿಸ್ಕಾದ್ದರಿಂದ ಗೂಢಲಿಪೀಕರಣ ಕಡ್ಡಾಯ. ಹೊಸದು ಹಳೆಯದನ್ನು ಅಳಿಸದಂತೆ ರೆಸ್ಟಿಕ್ ಎಂಬ ತಂತ್ರಾಂಶ ಬಳಸುತ್ತೇನೆ, ಹಿಂದಿನ ಆರು ತಿಂಗಳ ಆವೃತ್ತಿಗಳು ಉಳಿಯುತ್ತವೆ.

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಮಕ್ಕಳಿದ್ದರೆ ಅಲ್ಲೊಂದು ಪ್ರತಿ ಇನ್ನೂ ಒಳ್ಳೆಯದು. ಆದರೆ ಮೊದಲ ನಕಲನ್ನು ತಂತಿಯಲ್ಲಿ ಕಳಿಸಬೇಡಿ. 500 ಜಿಬಿಗೆ 10 ಮೆಗಾಬಿಟ್ಟಿನ ಅಪ್‌ಲೋಡ್‌ನಲ್ಲಿ ನಾಲ್ಕೂವರೆ ದಿನ ಬೇಕು, ಅದೂ ಒಮ್ಮೆಯೂ ಕಡಿಯದಿದ್ದರೆ. ಹಬ್ಬಕ್ಕೆ ಬಂದವರ ಕೈಯಲ್ಲಿ ತುಂಬಿದ ಡಿಸ್ಕ್ ಕಳಿಸಿ. ಆಮೇಲೆ ರಾತ್ರಿ ಹೊತ್ತು ಹೊಸದು ಮಾತ್ರ ಹೋದರೆ ಸಾಕು.

11. ಮನೆಯವರು ತಾವೇ ಒಂದು ಫೋಟೊ ಮರಳಿ ತರುವವರೆಗೆ ಕೆಲಸ ಮುಗಿದಿಲ್ಲ

ಎಲ್ಲ ಹಸಿರು ದೀಪ ಉರಿಯುತ್ತಿದ್ದ ಒಂದು ಬ್ಯಾಕಪ್ಪನ್ನು ಬೇಕಾದ ದಿನ ತೆರೆದರೆ ಒಳಗೆ ಖಾಲಿ ಫೋಲ್ಡರುಗಳಷ್ಟೇ ಇದ್ದವು. ಫೋಟೊಗಳ ಜಾಗ ಬದಲಿಸಿದ್ದನ್ನು ನಾನು ಬ್ಯಾಕಪ್ಪಿಗೆ ಹೇಳಿರಲಿಲ್ಲ. ಆ ಮನೆಯವರ ಮುಖ ನನಗೆ ಮರೆತಿಲ್ಲ. ಈಗ ಪ್ರತಿ ಮನೆಯಲ್ಲೂ ಪಾಸ್‌ವರ್ಡನ್ನೂ ಮರಳಿ ತರುವ ಹೆಜ್ಜೆಗಳನ್ನೂ ಕನ್ನಡದಲ್ಲಿ ಕೈಯಿಂದ ಬರೆದು ಕ್ರಯಪತ್ರಗಳ ಜೊತೆ ಇಡಿಸುತ್ತೇನೆ. ಅದನ್ನು ಓದಿಕೊಂಡು ಮನೆಯವರೊಬ್ಬರು, ನನ್ನ ಕೈ ತಾಗದೆ, ಹೊರಗಿನ ಡಿಸ್ಕಿನಿಂದ ಒಂದು ಫೈಲು ತೆಗೆಯಬೇಕು. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ.

ಹೋದ ಮೇ ತಿಂಗಳಲ್ಲಿ ಆ ಅಜ್ಜಿಯ ಮನೆಯ ಸರದಿ. ಪಿಯುಸಿ ಓದುವ ಮೊಮ್ಮಗಳು ಹಾಳೆ ನೋಡುತ್ತ ಕೂತಿದ್ದಳು. "ಯಾವ್ದು ತೆಗೀಲಿ ಅಜ್ಜಿ?" ಎಂದು ಕೇಳಿದಳು. ಅಜ್ಜಿ ಸೆರಗಿನಿಂದ ಕನ್ನಡಕ ಒರೆಸಿಕೊಂಡರು. "ನಿಮ್ ತಾತ ಊಟಕ್ಕೆ ಕರೀತಾರಲ್ಲ, ಅದು" ಎಂದರು. ಒಂದೂವರೆ ನಿಮಿಷಕ್ಕೆ ಬಂತು.